ಬಸ್ಸಿನ ಮುಷ್ಕರವೂ ಘಟ್ಟದ ಮೇಲಿನ ಮನೆಗಳೂ

ಸಾರಿಗೆಯ ನೌಕರರು ಮುಷ್ಕರ ಹೂಡಲಿರುವರೆಂಬ ವಾರ್ತೆಯು ಹುಟ್ಟಿದೊಡನೆಯೇ ರಾಜಧಾನಿಯ ನಿವಾಸಿಗಳು ಪಡಬಹುದಾದ ಕಷ್ಟಗಳನ್ನು ಕುರಿತು ಬರೆಯುವವರು ಬಹುಮಂದಿ ಉಂಟು. ಬೆಂಗಳೂರಿನ ಬರಿದಾದ ಬಸ್ಸು ನಿಲ್ದಾಣದ ಚಿತ್ರವು ಮರುದಿನವೇ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಆದರೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಯ ತಂಗುದಾಣದ ಚಿತ್ರವನ್ನು ತೆಗೆಯಲು ಯಾರೂ ಬರುವುದಿಲ್ಲ. ಬಂದರೂ ಅಲ್ಲಿ ಕಾಣುವುದಾದರೂ ಏನು? ರಸ್ತೆಯ ತಿರುವಿನಲ್ಲಿ ಹಂಚಿನ ಒಂದು ಮಾಡು, ಅದರ ಕೆಳಗೆ ಪಾಟೀಚೀಲ ಹೊತ್ತ ನಾಲ್ಕು ಮಕ್ಕಳು, ಔಷಧದ ಚೀಟಿ ಹಿಡಿದ ಒಬ್ಬ ಮುದುಕ, ಇಷ್ಟೆ. ಈ ಐದು ಜನರ ಪಾಡು ಏನಾಗುವುದೆಂಬುದನ್ನೇ ನಾವು ಈ ಲೇಖನದಲ್ಲಿ ವಾಚಕರ ಮುಂದಿಡಬೇಕೆಂದಿದ್ದೇವೆ. ಮುಷ್ಕರದ ಭಾರವನ್ನು ನಿಂತ ಬಸ್ಸುಗಳ ಸಂಖ್ಯೆಯಿಂದ ತೂಗಲಾಗದು. ಬಸ್ಸು ನಿಂತಾಗ ಜನರಿಗೆ ಉಳಿಯುವ ಬೇರೆ ದಾರಿಗಳಿಂದಲೇ ಅದನ್ನು ತೂಗಬೇಕು.

ಬೆಂಗಳೂರಿನಲ್ಲಿ ಬಸ್ಸು ನಿಂತರೆ ಮೆಟ್ರೋ ರೈಲು ಉಂಟು. ಆಟೋ, ಟ್ಯಾಕ್ಸಿಗಳು ಉಂಟು. ಕೈಯಲ್ಲಿ ಹಣವಿದ್ದವನಿಗೆ ದಾರಿಯಿಲ್ಲವೆಂಬುದಿಲ್ಲ. ಮಂಗಳೂರು, ಉಡುಪಿಗಳ ಕಡೆ ಖಾಸಗಿ ಬಸ್ಸುಗಳೇ ಹೇರಳವಾಗಿರುವುದರಿಂದ ಸರಕಾರೀ ಬಸ್ಸು ನಿಂತದ್ದು ಹಲವರಿಗೆ ತಿಳಿಯುವುದೂ ಇಲ್ಲ. ಈ ಮೂರು ತಾಲೂಕುಗಳ ಸ್ಥಿತಿಯು ಹಾಗಲ್ಲ. ಇಲ್ಲಿ ರೈಲಿಲ್ಲ. 1998ರಲ್ಲಿ ಲೋಕಾರ್ಪಣೆಯಾದ ಕೊಂಕಣ ರೈಲು ಜಿಲ್ಲೆಯ ಕರಾವಳಿಯನ್ನಷ್ಟೇ ಮುಟ್ಟಿ ಹೋಗುತ್ತದೆ; ಶಿರಸಿಯವರು ಅದನ್ನು ಹಿಡಿಯಬೇಕಾದರೆ ದೇವಿಮನೆ ಘಟ್ಟವಿಳಿದು ಕುಮಟೆಗೆ ಹೋಗಬೇಕು, ಯಲ್ಲಾಪುರದವರು ಅರಬೈಲು ಘಟ್ಟವಿಳಿದು ಅಂಕೋಲೆಗೆ ಹೋಗಬೇಕು. ಸಿದ್ದಾಪುರದವರಿಗೆ ತಾಳಗುಪ್ಪೆಯ ರೈಲು ಕೊಂಚ ಸಮೀಪವೆಂಬುದು ನಿಜ. ಸಾಗರ, ಶಿವಮೊಗ್ಗೆಗಳ ಕಡೆ ಖಾಸಗಿ ಬಸ್ಸುಗಳೂ ಓಡುತ್ತವೆ. ಆದರೆ ತಾಳಗುಪ್ಪೆಯ ವರೆಗೆ ಹೋಗುವುದಾದರೂ ಹೇಗೆ? ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅಂಕೋಲೆಗೆ ರೈಲು ಹಾಕುವ ಯೋಜನೆಯ ಮಾತು ದಶಕಗಳಿಂದ ನಡೆದಿದೆ. ಆ ರೈಲನ್ನು ಹತ್ತಿ ಇಳಿದವರು ಯಾರೂ ಇಲ್ಲ.

ನೆಲದ ಸ್ವರೂಪವೂ ಇದಕ್ಕೆ ಕಾರಣವಾಗಿದೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡಿರುವುದಿಲ್ಲ. ಕಣಿವೆಯ ತಳದಲ್ಲಿ ಅಡಿಕೆಯ ತೋಟ, ಅದರ ಮೇಲ್ಗಡೆ ಮನೆ, ಮನೆಯ ಹಿಂದೆ ಸೊಪ್ಪಿನಬೆಟ್ಟ, ಬೆಟ್ಟದಾಚೆ ಕಾಡು. ಹೀಗೆ ಎರಡು ಮನೆ, ನಾಲ್ಕು ಮನೆಗಳ ಕೇರಿಗಳು ಕಣಿವೆಗೊಂದರಂತೆ ಚದರಿವೆ. ಬನವಾಸಿ, ಹುಲೇಕಲ್, ದೇವನಹಳ್ಳಿ, ಬಿಳಗಿ, ಹೆಗ್ಗರಣಿ, ಕಾನಸೂರು, ಮಂಚಿಕೇರಿ, ವಜ್ರಳ್ಳಿ, ಕಿರವತ್ತಿ ಮೊದಲಾದ ಊರುಗಳ ಹೆಸರನ್ನು ಬಸ್ಸಿನ ಫಲಕದ ಮೇಲೆ ಓದಿದವರು, ಆ ಫಲಕದ ಊರಿನಿಂದ ಇನ್ನೂ ಒಂದೆರಡು ಮೈಲು ಕಾಲುದಾರಿಯಲ್ಲಿ ನಡೆದು ಮನೆ ಸೇರುವವರು ಎಷ್ಟು ಜನರೆಂಬುದನ್ನು ಬಲ್ಲರು. ಇಂಥ ನಾಡಿನಲ್ಲಿ ಬಸ್ಸು ಅನುಕೂಲದ ಸಾಧನವಲ್ಲ, ಊರಿಗೆ ಊರನ್ನು ಕಟ್ಟಿದ ಹಗ್ಗ.

ಈ ಸೀಮೆಯವರಿಗೆ ‘ವಸತಿ ಬಸ್ಸು’ ಎಂದರೆ ವಿವರಿಸಬೇಕಾದುದಿಲ್ಲ; ಬೇರೆ ಕಡೆಯ ವಾಚಕರಿಗಾಗಿ ಎರಡು ಮಾತು ಹೇಳುವೆವು. ಸಂಜೆ ಶಿರಸಿಯಿಂದಲೋ ಸಿದ್ದಾಪುರದಿಂದಲೋ ಹೊರಟ ಕೊನೆಯ ಬಸ್ಸು ದಾರಿಯ ಕೊನೆಯ ಹಳ್ಳಿಗೆ ಹೋಗಿ ಅಲ್ಲಿಯೇ ರಾತ್ರಿ ಉಳಿಯುತ್ತದೆ. ಚಾಲಕ, ನಿರ್ವಾಹಕರು ಬಸ್ಸಿನಲ್ಲಿಯೋ ಊರವರು ಕೊಟ್ಟ ಒಂದು ಕೋಣೆಯಲ್ಲಿಯೋ ಮಲಗಿ, ಬೆಳಗಿನ ಮಂಜಿನಲ್ಲಿ ಬಸ್ಸನ್ನು ಹೊರಡಿಸುತ್ತಾರೆ. ಆ ಬಸ್ಸು ಕಾಲೇಜಿನ ವಿದ್ಯಾರ್ಥಿಗಳನ್ನೂ, ಕಚೇರಿಯ ಗುಮಾಸ್ತರನ್ನೂ, ಪೇಟೆಯ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನೂ, ಆಸ್ಪತ್ರೆಗೆ ಹೋಗುವವರನ್ನೂ ಪಟ್ಟಣಕ್ಕೆ ತರುತ್ತದೆ. ಸಂಜೆ ಅವರನ್ನೇ ಹಿಂದಕ್ಕೆ ಒಯ್ಯುತ್ತದೆ. ಮುಷ್ಕರವಾದಾಗ ಮೊದಲು ಕಾಣೆಯಾಗುವುದು ಈ ಬಸ್ಸೇ. ಏಕೆಂದರೆ, ಪೇಟೆಯಿಂದ ಪೇಟೆಗೆ ಓಡುವ ಹಾದಿಗೆ ಖಾಸಗಿ ಟೆಂಪೋಗಳು ಹೇಗೂ ಬಂದು ನಿಲ್ಲುವುವು. ಹತ್ತು ಜನಕ್ಕಾಗಿ ಕಾಡಿನ ಕೊನೆಯ ಹಳ್ಳಿಯಲ್ಲಿ ರಾತ್ರಿ ಕಳೆಯಲು ಲಾಭವನ್ನು ನೋಡುವ ವಾಹನವು ಬಾರದು.

ಈ ಹಗ್ಗವು ಒಂದು ದಿನದಲ್ಲಿ ಹೊಸೆದದ್ದಲ್ಲ. ಉತ್ತರ ಕನ್ನಡ ಜಿಲ್ಲೆಯು 1956ರ ನವೆಂಬರ 1ರ ವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತ್ತು. ಆ ಆಡಳಿತದಲ್ಲಿ ಸರಕಾರೀ ಬಸ್ಸು ಮೊದಲು ಓಡಿದ್ದು 1948ರ ಜೂನ್ 1ರಂದು, ಪುಣೆ ಅಹಮದನಗರಗಳ ನಡುವೆ. ಅದೇ ವರ್ಷದ ಸೆಪ್ಟೆಂಬರ 12ರಂದು ಮೈಸೂರು ಸರಕಾರವು 120 ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಕನ್ನಡನಾಡು ಒಂದಾದ ಬಳಿಕ, 1961ರ ಆಗಸ್ಟಿನಲ್ಲಿ ಆ ಇಲಾಖೆಯು ಸಂಸ್ಥೆಯಾಯಿತು. 1997ರ ನವೆಂಬರಿನಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಬೇರೆಯಾಯಿತು. ಜಿಲ್ಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಅದರ ವಿಭಾಗೀಯ ಕಚೇರಿಯು ಶಿರಸಿಯಲ್ಲಿಯೇ ಇದೆ. ಲಾಭವಿಲ್ಲದ ಹಾದಿಗೂ ಬಸ್ಸು ಹೋಗಬೇಕೆಂಬುದೇ ಸರಕಾರೀ ಸಾರಿಗೆಯ ಮೂಲತತ್ತ್ವ. ಆ ತತ್ತ್ವದ ಫಲವನ್ನು ಹೆಚ್ಚಾಗಿ ಉಂಡವರು ಇಂಥ ಮಲೆನಾಡಿನವರಾದ್ದರಿಂದ, ಅದು ತಪ್ಪಿದಾಗ ಹೆಚ್ಚಾಗಿ ನೋಯುವವರೂ ಅವರೇ.

ಇನ್ನು ನೋವು ಯಾರಿಗೆ ಎಷ್ಟೆಂಬುದನ್ನು ವಿಚಾರಿಸೋಣ. ಮನೆಯಲ್ಲಿ ಕಾರೋ ದ್ವಿಚಕ್ರ ವಾಹನವೋ ಉಳ್ಳ ತೋಟಿಗರಿಗೆ ಮುಷ್ಕರವೆಂದರೆ ಪೆಟ್ರೋಲಿನ ಖರ್ಚು ತುಸು ಹೆಚ್ಚಾದಂತೆ, ಅಷ್ಟೆ. ಆದರೆ ಅದೇ ತೋಟಕ್ಕೆ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸಿಗೆ ವಾಹನವಿಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಮೂಲಕ ನಾಡಿನ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರೀ ಬಸ್ಸುಗಳಲ್ಲಿ ಉಚಿತ ಪ್ರಯಾಣವು ದೊರೆತ ಮೇಲೆ, ಮನೆಯಿಂದ ದೂರದ ಕೆಲಸವನ್ನು ಹಿಡಿದವರು ಎಷ್ಟೋ ಮಂದಿ. ಅಂಥವರಿಗೆ ಮುಷ್ಕರದ ದಿನದಲ್ಲಿ ಎರಡೇ ದಾರಿಗಳು: ಟೆಂಪೋದವನು ಕೇಳಿದಷ್ಟು ಕೊಟ್ಟು ಕೂಲಿಯ ದೊಡ್ಡ ಪಾಲನ್ನು ಹಾದಿಗೇ ಸುರಿಯುವುದು, ಇಲ್ಲವೆ ಕೂಲಿಯನ್ನೇ ಬಿಡುವುದು. ರಿಯಾಯಿತಿಯ ಪಾಸಿಗಾಗಿ ವರ್ಷದ ಮೊದಲಲ್ಲಿಯೇ ಹಣ ತೆತ್ತ ವಿದ್ಯಾರ್ಥಿಯ ಪಾಸು ಖಾಸಗಿ ವಾಹನದಲ್ಲಿ ನಡೆಯದು. ಶಿರಸಿಯ ಕಾಲೇಜುಗಳಿಗೆ ಸಿದ್ದಾಪುರ, ಯಲ್ಲಾಪುರಗಳ ಮೂಲೆಗಳಿಂದ ಮಕ್ಕಳು ಬರುವುದುಂಟು. ತಂದೆಯು ದಿನವೂ ಬೈಕಿನಲ್ಲಿ ತಂದು ಬಿಡಬಲ್ಲ ಮಗನು ಪಾಠವನ್ನು ಕೇಳುತ್ತಾನೆ, ಬಿಡಲಾರದವನ ಮಗಳು ಮನೆಯಲ್ಲಿ ಕುಳಿತಿರುತ್ತಾಳೆ. 

ರೋಗಿಗಳ ವಿಷಯವು ಇದಕ್ಕಿಂತಲೂ ಕಠಿಣವಾದುದು. ತುರ್ತು ಸಂದರ್ಭಕ್ಕೆ 108ರ ವಾಹನವನ್ನು ಕರೆಯಬಹುದು, ಸರಿ. ಆದರೆ ಮೂತ್ರಪಿಂಡದ ಬೇನೆಯವರು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆ ಹೋಗಬೇಕು. ಗರ್ಭಿಣಿಯರು ತಿಂಗಳ ತಪಾಸಣೆಗೆ ಹೋಗಬೇಕು. ಸಕ್ಕರೆಯ ಕಾಯಿಲೆಯ ವೃದ್ಧರು ಮಾತ್ರೆ ತರಬೇಕು. ಇವು ತುರ್ತಿನವಲ್ಲ, ಆದರೆ ತಪ್ಪಿದರೆ ತುರ್ತಾಗುವಂಥವು. ಮುಷ್ಕರವು ಒಂದು ದಿನದ್ದಾದರೆ ಹೇಗೋ ತಡೆದಾರು. 2021ರ ಏಪ್ರಿಲ್ 7ರಂದು ಆರಂಭವಾದ ಮುಷ್ಕರವು ಎರಡು ವಾರಗಳ ಕಾಲ ನಡೆಯಿತೆಂಬುದನ್ನೂ, ಆ ವರ್ಷ ಏಪ್ರಿಲ್ 13ರ ಯುಗಾದಿಗೆ ಊರಿಗೆ ಬರಬೇಕೆಂದಿದ್ದ ಮಕ್ಕಳನ್ನು ಹಲವು ಮನೆಗಳು ಕಾದು ಕಾದು ಹಬ್ಬ ಮಾಡಿದುವೆಂಬುದನ್ನೂ ವಾಚಕರು ಮರೆತಿರಲಾರರು.

ಇಷ್ಟನ್ನು ಓದಿದ ಮೇಲೆ, ಹಾಗಾದರೆ ತಪ್ಪೆಲ್ಲವೂ ನೌಕರರದೇ ಎಂದು ಯಾರಾದರೂ ಎಂದುಕೊಂಡರೆ, ಅದನ್ನು ನಾವು ಒಪ್ಪಲಾರೆವು. ಮನೆಯವರನ್ನು ಬಿಟ್ಟು ಕಾಡಿನ ಹಳ್ಳಿಯಲ್ಲಿ ರಾತ್ರಿ ಕಳೆಯುವವನು, ಮಳೆಗಾಲದ ಘಟ್ಟದಲ್ಲಿ ಐವತ್ತು ಜೀವಗಳನ್ನು ಹೊತ್ತ ಬಸ್ಸನ್ನು ತಿರುವು ತಿರುವಿನಲ್ಲಿ ಹಿಡಿದು ಇಳಿಸುವವನು, ಅವನೂ ಒಬ್ಬ ಗೃಹಸ್ಥನೇ. ಅವನ ಮನೆಯಲ್ಲಿಯೂ ಅಕ್ಕಿಯ ಬೆಲೆ ಏರಿದೆ, ಮಕ್ಕಳ ಶುಲ್ಕ ಏರಿದೆ. 2020ರ ಜನವರಿ 1ಕ್ಕೆ ಆಗಬೇಕಾಗಿದ್ದ ವೇತನದ ಪರಿಷ್ಕರಣೆಯು 2023ರ ಮಾರ್ಚಿನಲ್ಲಿ ಶೇಕಡಾ 15ರ ಏರಿಕೆಯಾಗಿ ಬಂದಿತು. ನಡುವಿನ 38 ತಿಂಗಳ ಬಾಕಿ ಎಲ್ಲಿ, ಎಂದು ನೌಕರರು ಕೇಳಿದರು. 2024ರ ಜನವರಿ 1ರಿಂದ ಆಗಬೇಕಾದ ಮುಂದಿನ ಏರಿಕೆ ಎಲ್ಲಿ, ಎಂದೂ ಕೇಳಿದರು. 2025ರ ಆಗಸ್ಟ್ 5ರಂದು ಬಸ್ಸುಗಳು ನಿಂತದ್ದು ಈ ಎರಡು ಪ್ರಶ್ನೆಗಳಿಗಾಗಿಯೇ. ಉಚ್ಚ ನ್ಯಾಯಾಲಯವು ಮಧ್ಯೆ ಬಂದುದರಿಂದ ಆ ಮುಷ್ಕರವು ಅಂದೇ ನಿಂತಿತು. ಕೇಳಿದ ಮೊತ್ತವು ಸರಿಯೋ ಹೆಚ್ಚೋ ಎಂಬುದನ್ನು ಲೆಕ್ಕ ಬಲ್ಲವರು ತೀರ್ಮಾನಿಸಲಿ. ದುಡಿದ ಕಾಲಕ್ಕೆ ಸಲ್ಲಬೇಕಾದುದನ್ನು ಕೇಳುವುದು ಅನ್ಯಾಯವೆಂದು ಯಾವ ಗೃಹಸ್ಥನೂ ಹೇಳಲಾರನು. ಸಂಸ್ಥೆಯ ಕಡೆಯವರಿಗೂ ಹೇಳಿಕೊಳ್ಳುವುದುಂಟು: ಇಂಧನದ ಬೆಲೆ ಏರಿದಂತೆ ಟಿಕೆಟ್ಟಿನ ದರವನ್ನು ಅವರು ತಮ್ಮಿಚ್ಛೆಯಂತೆ ಏರಿಸಲಾರರು; 2025ರ ಜನವರಿ 5ರಂದು ದರವು ಶೇಕಡಾ 15ರಷ್ಟು ಏರಿದಾಗ ಗೊಣಗಿದವರಲ್ಲಿ ನಾವೂ ನೀವೂ ಇದ್ದೆವು. ‘ಕೋಣಗಳೆರಡು ಜಗಳಾಡಿದರೆ ನಡುವಿನ ಗಿಡಕ್ಕೆ ಕೇಡು’ ಎಂಬ ಗಾದೆಯಿದೆ. ಇಲ್ಲಿ ಗಿಡವೆಂದರೆ ತಂಗುದಾಣದಲ್ಲಿ ನಿಂತ ಆ ಐದು ಜನ.

ಇಲ್ಲಿ ಒಂದು ಸಂಗತಿಯ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯಬೇಕೆಂದಿದ್ದೇವೆ. ಸಾರಿಗೆಯ ಮುಷ್ಕರವನ್ನು ನಾವು ಸಿಡಿಲಿನಂತೆ ಎಣಿಸುತ್ತೇವೆ. ಅದು ನಿಜವಾಗಿ ಮಳೆಗಾಲದಂಥದು. ಸಾರಿಗೆ ಸಂಸ್ಥೆಗಳಲ್ಲಿ ವೇತನವು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವ ರೂಢಿಯಿದೆ: 2012, 2016, 2020, 2024. ಮುಷ್ಕರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿರಿ. 2012ರ ಸೆಪ್ಟೆಂಬರಿನಲ್ಲಿ ಒಂದು. 2016ರ ಜುಲೈಯಲ್ಲಿ ಮೂರು ದಿನದ ಒಂದು, ಅದು ಶೇಕಡಾ 12.5ರ ಏರಿಕೆಯೊಡನೆ ಮುಗಿಯಿತು. 2020ರ ಡಿಸೆಂಬರಿನಲ್ಲಿಯೂ 2021ರ ಏಪ್ರಿಲಿನಲ್ಲಿಯೂ ಒಂದೊಂದು. 2024ರ ಡಿಸೆಂಬರ 31ಕ್ಕೆಂದು ಸಾರಿ ಮುಂದೂಡಿದ ಒಂದು, ಅದರ ಬೆನ್ನಿಗೇ 2025ರ ಆಗಸ್ಟಿನದು. ಗಡುವು ಮೀರಿದ ಪ್ರತಿ ಸಲವೂ ಬಸ್ಸು ನಿಂತಿದೆ ಅಥವಾ ನಿಲ್ಲುವ ಅಂಚಿಗೆ ಬಂದಿದೆ. ಇದೇ ಕ್ರಮವು ಮುಂದುವರಿದರೆ ಮುಂದಿನ ಗಡುವು 2028ರ ಜನವರಿ 1. ಮಳೆಗಾಲವು ಬರುವುದೆಂದು ತಿಳಿದು ಮಾಡಿಗೆ ಹಂಚು ತಿರುಗಿಸುವವರು ನಾವು. ಇಷ್ಟು ಸ್ಪಷ್ಟವಾಗಿ ತಿಳಿದ ಗಡುವಿಗೆ ಮೊದಲೇ ಮಾತುಕತೆಗೆ ಕುಳಿತುಕೊಳ್ಳಲು ಸರಕಾರಕ್ಕಾಗಲಿ ಸಂಘಗಳಿಗಾಗಲಿ ಏನು ಅಡ್ಡಿ?

ಕಾಯಿದೆಯೂ ಇದಕ್ಕೆ ಸಮಯವನ್ನು ಕೊಟ್ಟಿದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು, ಸಾರ್ವಜನಿಕ ಸೇವೆಯ ಉದ್ಯಮಗಳಲ್ಲಿ ನೋಟೀಸು ಕೊಟ್ಟು 14 ದಿನಗಳು ಕಳೆಯುವ ಮೊದಲು ಮುಷ್ಕರ ಹೂಡಕೂಡದೆಂದು ವಿಧಿಸಿತ್ತು. 2025ರ ನವೆಂಬರ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು 14 ದಿನಗಳ ಈ ನಿಯಮವನ್ನು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಹಬ್ಬಿಸಿದೆ. ಈ ದಿನಗಳು ಇರುವುದು ಪರಸ್ಪರ ಬೆದರಿಕೆಯ ಹೇಳಿಕೆಗಳಿಗಲ್ಲ, ಸಂಧಾನಕ್ಕಾಗಿ. ಆದರೆ ನಡೆಯುವುದೇನೆಂದರೆ, ಮೊದಲ ಹನ್ನೆರಡು ದಿನಗಳು ಮೌನದಲ್ಲಿ ಕಳೆದು, ಕೊನೆಯ ಎರಡು ರಾತ್ರಿಗಳಲ್ಲಿ ಸಭೆಗಳ ಮೇಲೆ ಸಭೆ. ಬೆಂಕಿ ಬಿದ್ದಾಗ ಬಾವಿ ತೋಡುವ ಈ ಪದ್ಧತಿಯ ಬೆಲೆಯನ್ನು ತೆರುವವರು ಸಭೆಯಲ್ಲಿ ಕುಳಿತವರಲ್ಲ.

ಪರದೇಶಗಳಲ್ಲಿ ಇದಕ್ಕೆ ಏನು ಮಾಡಿರುವರೆಂದು ನೋಡುವುದೂ ಉಪಯುಕ್ತ. ಇಟಲಿಯಲ್ಲಿ 1990ರ ಒಂದು ಕಾಯಿದೆಯ ಪ್ರಕಾರ, ಸಾರಿಗೆಯವರು ಮುಷ್ಕರ ಹೂಡಿದ ದಿನವೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿಯೂ ಮರಳಿ ಬರುವ ಹೊತ್ತಿನಲ್ಲಿಯೂ, ಸಾಮಾನ್ಯವಾಗಿ ಒಟ್ಟು ಆರು ಗಂಟೆಗಳ ಕಾಲ, ವಾಹನಗಳು ಓಡಲೇಬೇಕು. ನೌಕರರ ಹಕ್ಕೂ ಉಳಿಯಿತು, ಜನರ ದಾರಿಯೂ ಉಳಿಯಿತು. ಜಪಾನಿನ ಒಕಾಯಾಮ ಎಂಬ ಊರಿನ ಬಸ್ಸು ಚಾಲಕರು 2018ರಲ್ಲಿ ಬೇರೊಂದು ಉಪಾಯವನ್ನು ಮಾಡಿದರು: ಬಸ್ಸನ್ನು ಎಂದಿನಂತೆ ಓಡಿಸಿದರು, ಹಣವನ್ನು ಮಾತ್ರ ಪಡೆಯಲಿಲ್ಲ. ಅಂಥದು ನಮ್ಮಲ್ಲಿನ ನಿಯಮಗಳಿಗೆ ಒಗ್ಗಲಾರದು. ನಿರ್ವಾಹಕನು ಟಿಕೆಟ್ಟು ಕೊಡದಿದ್ದರೆ ಅವನ ಮೇಲೆಯೇ ಆಪಾದನೆ ಬಂದೀತು. ಆದರೆ ಇಟಲಿಯ ಕ್ರಮವನ್ನು ನಮ್ಮ ನಾಡಿಗೆ ಅಳವಡಿಸಿಕೊಳ್ಳಬಾರದೇಕೆ? ನೂರು ಹಾದಿಗಳನ್ನು ನಡೆಸಬೇಕೆಂದು ನಾವು ಕೇಳುವುದಿಲ್ಲ. ಬೇರೆ ದಾರಿಯೇ ಇಲ್ಲದ ಹಳ್ಳಿಗಳ ವಸತಿ ಬಸ್ಸು, ಬೆಳಗಿನದೊಂದು, ಸಂಜೆಯದೊಂದು, ಯಾವ ಮುಷ್ಕರದಲ್ಲಿಯೂ ನಿಲ್ಲಬಾರದೆಂದು ಸರಕಾರವೂ ಸಂಘಗಳೂ ಶಾಂತಿಕಾಲದಲ್ಲಿಯೇ ಒಪ್ಪಂದ ಮಾಡಿಕೊಳ್ಳಲಿ. ಅದಕ್ಕೆ ಪ್ರತಿಯಾಗಿ ವೇತನದ ಗಡುವನ್ನು ಮೀರದಿರುವ ಮಾತನ್ನು ಸರಕಾರವು ಕೊಡಲಿ. ಹೀಗಾದರೆ ನೌಕರರ ದನಿಯು ಕುಗ್ಗುವುದೆಂದು ನಾವು ನಂಬುವುದಿಲ್ಲ. ಕಷ್ಟದ ದಿನವೂ ತನ್ನ ಊರಿಗೆ ಬಂದ ಬಸ್ಸಿನವನ ಪರವಾಗಿ ಊರು ಮಾತನಾಡದೆ ಇರದು.

ಅದು ಆಗುವ ವರೆಗೆ ಗೃಹಸ್ಥರು ಸುಮ್ಮನೆ ಕುಳಿತಿರಬೇಕೆ? ನೋಟೀಸಿನ ಸುದ್ದಿಯನ್ನು ಓದಿದ ದಿನವೇ ಕೆಲವು ಕೆಲಸಗಳನ್ನು ಮಾಡಬಹುದು. ನಿತ್ಯದ ಔಷಧಗಳನ್ನು ಮೂರು ವಾರಕ್ಕೆ ಸಾಕಾಗುವಷ್ಟು ತಂದಿಡಬೇಕು. ಆಸ್ಪತ್ರೆಯ ದಿನ ಗೊತ್ತಾಗಿದ್ದರೆ ವೈದ್ಯರಿಗೆ ಮುಂಚಿತವಾಗಿ ತಿಳಿಸಿ, ಸಾಧ್ಯವಿದ್ದರೆ ದಿನವನ್ನು ಹಿಂದು ಮುಂದು ಮಾಡಿಸಬೇಕು. ಡಯಾಲಿಸಿಸ್ಸಿನವರು ಪಟ್ಟಣದ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಿಕೊಂಡರೆ ಲೇಸು. ಪರೀಕ್ಷೆಯಿರುವ ಮಕ್ಕಳ ವಿಷಯದಲ್ಲಿ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಬೇಕು. 2021ರಲ್ಲಿ ಕೆಲವು ವಿಶ್ವವಿದ್ಯಾಲಯಗಳೇ ಮುಷ್ಕರದ ಕಾರಣದಿಂದ ಪರೀಕ್ಷೆಗಳನ್ನು ಮುಂದೂಡಿದುದುಂಟು. ಬಾಡಿಗೆಯ ವಾಹನವನ್ನು ಹಿಡಿಯುವಾಗ ಹಳದಿ ಫಲಕದ್ದನ್ನೇ ಹಿಡಿಯಬೇಕು. ಬಿಳಿ ಫಲಕದ ಸ್ವಂತ ವಾಹನಗಳಲ್ಲಿ ಹಣ ಪಡೆದು ಜನರನ್ನು ಸಾಗಿಸಲು ಅನುಮತಿಯಿಲ್ಲ. ಅಪಘಾತವಾದರೆ ವಿಮೆಯ ಹಣಕ್ಕೆ ತೊಡಕು ಬರುವುದು. ಮಕ್ಕಳನ್ನು ಜೀಪಿನ ಹಿಂಬದಿಗೆ ನೇತುಹಾಕಿ ಕಳಿಸುವುದಂತೂ ಸರ್ವಥಾ ಕೂಡದು. ಒಂದು ದಿನದ ಪಾಠವು ಜೀವಕ್ಕಿಂತ ದೊಡ್ಡದಲ್ಲ.

ಇವೆಲ್ಲ ಮನೆಯೊಳಗಿನ ಕೆಲಸಗಳಾದುವು. ಊರು ಕೂಡಿ ಮಾಡುವ ಕೆಲಸವೂ ಉಂಟು. ಅಮೆರಿಕದ ಮಾಂಟ್ಗೊಮೆರಿ ಪಟ್ಟಣದಲ್ಲಿ 1955ರ ಡಿಸೆಂಬರ 5ರಿಂದ ಒಂದು ವರ್ಷಕ್ಕೂ ಮಿಕ್ಕ ಕಾಲ ಕಪ್ಪು ಜನರು, ತಮ್ಮನ್ನು ಹಿಂದಿನ ಆಸನಗಳಿಗೆ ತಳ್ಳುವ ಬಸ್ಸು ತಮಗೆ ಬೇಡವೆಂದು ಬಿಟ್ಟರು. ಅದು ನೌಕರರ ಮುಷ್ಕರವಲ್ಲ, ಪ್ರಯಾಣಿಕರದು. ಅಷ್ಟು ಕಾಲ ಅವರು ಕೆಲಸಕ್ಕೆ ಹೋದದ್ದು ಹೇಗೆ? ಕಾರುಳ್ಳವರು ತಮ್ಮ ಕಾರುಗಳನ್ನು ಎಲ್ಲರಿಗಾಗಿ ಕೊಟ್ಟರು, ಹತ್ತುವ ಸ್ಥಳಗಳನ್ನೂ ಹೊತ್ತನ್ನೂ ಗೊತ್ತುಮಾಡಿ ಓಡಿಸಿದರು, ಉಳಿದವರು ನಡೆದರು. ಬಡವರ ಒಂದು ಸಮುದಾಯವು ದೂರದೇಶದಲ್ಲಿ ಮಾಡಿದ್ದನ್ನು ನಮ್ಮ ಸೀಮೆಯವರು ಮಾಡಲಾರರೇ? ಅಡಿಕೆಯನ್ನು ಒಬ್ಬೊಬ್ಬರೇ ಮಾರಿ ಸೋಲುವುದಕ್ಕಿಂತ ಕೂಡಿ ಮಾರುವುದು ಲೇಸೆಂದು 1923ರಲ್ಲಿಯೇ ಶಿರಸಿಯಲ್ಲಿ ತೋಟಿಗರ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದವರ ಮಕ್ಕಳು ಮೊಮ್ಮಕ್ಕಳು ಇವರು. ಊರಿನಲ್ಲಿ ವಾಹನವುಳ್ಳ ಹತ್ತು ಮನೆಗಳವರು ಸೇರಿ, ಈ ದಿನ ಇವರು, ನಾಳೆ ಅವರು, ಎಂದು ಸರದಿಯನ್ನಿಟ್ಟುಕೊಂಡು, ಬಾಡಿಗೆಯ ಮಾತೆತ್ತದೆ, ಪೇಟೆಗೆ ಹೋಗುವ ತಮ್ಮ ಕಾರಿನ ಖಾಲಿ ಆಸನಗಳಲ್ಲಿ ನೆರೆಯ ಮಕ್ಕಳನ್ನೂ ರೋಗಿಗಳನ್ನೂ ಕರೆದೊಯ್ದರೆ ಮುಷ್ಕರದ ಅರ್ಧ ಭಾರವು ಇಳಿಯುವುದು. ತೋಟಕ್ಕೆ ಕೆಲಸದವರು ಬರಬೇಕಾದರೆ ಅವರನ್ನು ಕರೆತರುವ ಹೊಣೆಯನ್ನು ತೋಟದ ಯಜಮಾನರೇ ಹೊರುವುದು ನ್ಯಾಯ. ಬರಲಾರದ ದಿನಕ್ಕೆ ಅವಳ ಕೂಲಿಯನ್ನು ಕತ್ತರಿಸುವ ಮೊದಲು, ಬಸ್ಸನ್ನು ನಿಲ್ಲಿಸಿದವಳು ಅವಳಲ್ಲವೆಂಬುದನ್ನು ನೆನೆಯಬೇಕು.

ಕಡೆಯದಾಗಿ ಒಂದು ಮಾತು. ಬಸ್ಸು ಓಡುವ ದಿನಗಳಲ್ಲಿ ನಾವು ಅದರ ತಡವನ್ನು, ಧೂಳನ್ನು, ಇಕ್ಕಟ್ಟನ್ನು ಹಳಿಯುತ್ತೇವೆ. ಅದು ನಿಂತ ದಿನವೇ ಅದರ ಬೆಲೆಯನ್ನು ಅರಿಯುತ್ತೇವೆ. ಮುಷ್ಕರವು ತಪ್ಪಿತೆಂಬ ಸುದ್ದಿ ಬಂದ ಮರುದಿನವೇ ಎಲ್ಲವನ್ನೂ ಮರೆತುಬಿಡುವುದು ನಮ್ಮ ರೂಢಿಯಾಗಿದೆ. ಆದರೆ ಒಪ್ಪಂದಗಳನ್ನು ಕೇಳಬೇಕಾದ ಕಾಲವು ಅದೇ. ಗ್ರಾಮಸಭೆಗಳಲ್ಲಿ, ಶಾಸಕರು ಊರಿಗೆ ಬಂದಾಗ, ಸಾರಿಗೆಯ ಅಧಿಕಾರಿಗಳು ಜನರ ಅಹವಾಲನ್ನು ಕೇಳಲು ಕುಳಿತಾಗ, ಹೊಸ ಬಸ್ಸು ಬೇಕೆಂಬ ಅರ್ಜಿಯ ಜೊತೆಗೆ, ಇರುವ ವಸತಿ ಬಸ್ಸು ಯಾವ ಕಾರಣಕ್ಕೂ ತಪ್ಪಬಾರದು, ಅದರಲ್ಲಿ ಬರುವವರ ವೇತನವೂ ತಪ್ಪಬಾರದು ಎಂಬ ಅರ್ಜಿಯನ್ನೂ ನಮ್ಮ ಗೃಹಸ್ಥರು ಕೊಡಲಿ.